ಹುಟ್ಟು ಹಿಡಿಯುವ ಮೊದಲು ಭರತ ನೋಡಿ

ಮಂಗಳೂರಿಗೆ ಉತ್ತರದಲ್ಲಿ ಫಲ್ಗುಣಿ, ದಕ್ಷಿಣದಲ್ಲಿ ನೇತ್ರಾವತಿ, ಪಶ್ಚಿಮದಲ್ಲಿ ಕಡಲು. ಎರಡೂ ಹೊಳೆಗಳು ಬೆಂಗ್ರೆಯ ತುದಿಯಲ್ಲಿ ಕೂಡಿ ಒಂದೇ ಅಳಿವೆಯಿಂದ ಕಡಲು ಸೇರುತ್ತವೆ. ಇಷ್ಟು ನೀರಿನ ನಡುವೆ ಬದುಕುವ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆ ಕಾಣುವುದು ಕೂಳೂರು ಸಂಕ ಅಥವಾ ಉಳ್ಳಾಲ ಸಂಕ ದಾಟುವಾಗ, ಬಸ್ಸಿನ ಕಿಟಕಿಯಿಂದ ಮಾತ್ರ. ಅದು ನಿಧಾನವಾಗಿ ಬದಲಾಗುತ್ತಿದೆ. 2019ರ ಜನವರಿಯಲ್ಲಿ ಫಲ್ಗುಣಿಯ ದಡದಲ್ಲಿ ನದಿ ಉತ್ಸವ ನಡೆದಾಗ ಕಯಾಕ್ ನೋಡಲು ಜನ ಸಾಲುಗಟ್ಟಿದ್ದರು. 2024ರ ಮಾರ್ಚಿನಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆದು, ನಿಂತುಕೊಂಡು ಹುಟ್ಟು ಹಾಕುವ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಕರಾವಳಿಯ ಮನೆಮಾತಾಯಿತು. ಈಗ ರಜಾದಿನದ ಬೆಳಗ್ಗೆ ಕಾರಿನ ತಲೆಗೆ ಬೋರ್ಡ್ ಕಟ್ಟಿಕೊಂಡು ಹೊರಡುವವರು ನಗರದಲ್ಲೂ ಕಾಣಸಿಗುತ್ತಾರೆ.

ಹೊಸದಾಗಿ ಆಸೆಪಟ್ಟವರು ಮೊದಲು ಕೇಳುವ ಪ್ರಶ್ನೆ, ‘ಯಾವ ಬೋರ್ಡ್ ತಗೊಳ್ಳಲಿ?’ ಕೇಳಬೇಕಾದ ಮೊದಲ ಪ್ರಶ್ನೆ, ‘ಇವತ್ತು ಭರತ ಎಷ್ಟು ಹೊತ್ತಿಗೆ?’ ಸಾಮಾನು ಬಾಡಿಗೆಗೆ ಸಿಗುತ್ತದೆ, ಹುಟ್ಟು ಹಾಕುವ ಕ್ರಮ ಎರಡು ಬೆಳಗ್ಗೆಗಳಲ್ಲಿ ಕೈಗೆ ಹತ್ತುತ್ತದೆ. ಆದರೆ ಅಳಿವೆಯ ಹೊಳೆ ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ಅದು ಗೊತ್ತಿಲ್ಲದೆ ಇಳಿದವನಿಗೆ ದುಬಾರಿ ಬೋರ್ಡೂ ಆಸರೆಯಾಗುವುದಿಲ್ಲ. ಈ ಲೇಖನದ ದೊಡ್ಡ ಪಾಲು ಅದಕ್ಕೇ ಮೀಸಲು.

ಕಯಾಕ್ ಅಥವಾ ಬೋರ್ಡ್?

ಕಯಾಕ್‌ನಲ್ಲಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುತ್ತೀರಿ. ಪ್ಯಾಡಲ್ ಬೋರ್ಡ್‌ನಲ್ಲಿ ನಿಂತು, ಒಂದೇ ಅಲಗಿನ ಉದ್ದನೆಯ ಹುಟ್ಟು. ಗಾಳಿ ಎದ್ದರೆ ನಿಂತವರ ಮೈಯೇ ಹಾಯಿಯಾಗಿಬಿಡುತ್ತದೆ. ಕೂತವರಿಗೆ ಆ ಕಷ್ಟ ಕಡಿಮೆ. ಹಾಗಾಗಿ ನನ್ನ ಸಲಹೆ, ಮೊದಲು ಕಯಾಕ್, ಅದರಲ್ಲೂ ಮೇಲೆ ಕೂರುವ ಬಗೆಯದು. ಅದಕ್ಕೆ ಗುಂಡಿಯಂಥ ಒಳಭಾಗವಿಲ್ಲ, ಮಗುಚಿದರೆ ಕಾಲು ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ, ಒಳಗೆ ತುಂಬಿದ ನೀರು ಚೆಲ್ಲುವ ಕೆಲಸವೂ ಇಲ್ಲ. ಬೋರ್ಡೇ ಬೇಕೆನ್ನುವವರು ಹತ್ತೂವರೆ ಅಡಿ ಉದ್ದ, 32 ಅಂಗುಲ ಅಗಲದ ಗಾಳಿ ತುಂಬುವ ಬೋರ್ಡ್ ಆರಿಸಿಕೊಳ್ಳಿ. ಅಗಲ ಹೆಚ್ಚಿದಷ್ಟು ನಿಲ್ಲುವುದು ಸುಲಭ. ಸಪೂರದ ಬೋರ್ಡ್ ಓಟದ ಸ್ಪರ್ಧೆಯವರಿಗೆ ಇರಲಿ. ಒಂದು ಸೀಸನ್ ಬಾಡಿಗೆಯಲ್ಲೇ ಕಳೆದು ಆಮೇಲೆ ಖರೀದಿಯ ಮಾತು.

ಮೊದಲು ಈಜು

ಲೈಫ್ ಜಾಕೆಟ್ ಇದೆಯಲ್ಲ, ಈಜು ಯಾಕೆ ಎನ್ನುವವರಿದ್ದಾರೆ. ಜಾಕೆಟ್ ತೇಲಿಸುತ್ತದೆ, ಧೈರ್ಯ ಕೊಡುವುದಿಲ್ಲ. ನೀರು ಮೂಗಿಗೆ ಹೊಕ್ಕ ಕ್ಷಣ ಈಜು ಬಾರದವರು ಕೈಕಾಲು ಬಡಿದು ಪಕ್ಕದವರ ಕೊರಳಿಗೇ ಜೋತುಬೀಳುತ್ತಾರೆ. ಲೇಡಿಹಿಲ್ ಅಥವಾ ಎಮ್ಮೆಕೆರೆಯ ಈಜುಕೊಳಕ್ಕೆ ಸೇರಿ ಇಷ್ಟನ್ನು ಕಲಿಯಿರಿ: ಅಂಗಾತ ಐದು ನಿಮಿಷ ತೇಲುವುದು, ಐವತ್ತು ಮೀಟರ್ ಯಾವ ಬಗೆಯಲ್ಲಾದರೂ ಈಜುವುದು, ಮುಖ ನೀರಿನಡಿ ಇಟ್ಟು ಉಸಿರು ಬಿಡುವುದು. ಇದಾಗುವವರೆಗೆ ಹೊಳೆ ಬೇಡ.

ಕಲಿಕೆಗೆ ಒಳ್ಳೆಯ ಜಾಗ ನಗರದ ಹೊಳೆಯೂ ಅಲ್ಲ. ಮಂಗಳೂರಿನಿಂದ ಸುಮಾರು 30 ಕಿ.ಮೀ. ದೂರದ ಮೂಲ್ಕಿಯಲ್ಲಿ ಶಾಂಭವಿ ಹೊಳೆಯ ಹಿನ್ನೀರು ಶಾಂತವಾಗಿದೆ. ಸರ್ಫಿಂಗ್ ಜೊತೆಗೆ ಪ್ಯಾಡಲ್ ಕಲಿಸುವವರೂ ಅಲ್ಲಿದ್ದಾರೆ. ಉಡುಪಿಯಿಂದ ಸುಮಾರು 20 ಕಿ.ಮೀ. ದೂರದ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಸೀತಾನದಿಯ ಹಿನ್ನೀರಲ್ಲಿ, ಕಾಂಡ್ಲಾ ಗಿಡಗಳ ನಡುವೆ ಕಯಾಕಿಂಗ್ ನಡೆಯುತ್ತದೆ. ಅಲ್ಲಿ ಎರಡು ಮೂರು ಸಲ ಕೂತು ಮೈ ಪಳಗಿಸಿಕೊಂಡು ಬಂದವರಿಗೆ ನಗರದ ಹೊಳೆ ಮಣಿಯುತ್ತದೆ.

ಭರತ-ಇಳಿತದ ಲೆಕ್ಕ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಎರಡು ಏರಿಕೆಗಳೂ ಒಂದೇ ಎತ್ತರದವಲ್ಲ. ಒಂದು ದೊಡ್ಡದು, ಒಂದು ಸಣ್ಣದು. ಮಂಗಳೂರಿನಲ್ಲಿ ಏರಿಳಿತದ ಅಂತರ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಒಳಗೆ. ಕೇಳಲು ಅಲ್ಪ. ಆದರೆ ಅಷ್ಟೂ ನೀರು ಒಂದೇ ಇಕ್ಕಟ್ಟಾದ ಅಳಿವೆ ಬಾಗಿಲಿನಿಂದ ಒಳನುಗ್ಗಿ, ಅದೇ ಬಾಗಿಲಿನಿಂದ ಹೊರಹೋಗಬೇಕು. ಇಳಿತದ ಹೊತ್ತಿಗೆ ಹೊಳೆಯ ಸ್ವಂತ ಹರಿವೂ ಸೇರಿಕೊಳ್ಳುತ್ತದೆ. ಆಗ ಬೆಂಗ್ರೆಯ ಬದಿಯ ನೀರಿನ ಎಳೆತ ನೋಡಿದವರಿಗೆ ಮೀಟರಿನ ಲೆಕ್ಕ ಸಣ್ಣದೆನಿಸುವುದಿಲ್ಲ.

ಏರುವ ಆರು ಗಂಟೆಯೂ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು. ಇಳಿಯುವಾಗಲೂ ಹೀಗೇ. ಇದು ಅಂದಾಜಿನ ಲೆಕ್ಕ, ಆದರೆ ಹೊಸಬರಿಗೆ ಬೇಕಾದ್ದು ಇದರಲ್ಲಿದೆ: ನಡುವಿನ ಎರಡು ಗಂಟೆ ಎಳೆತ ಜೋರು, ತುದಿಯ ಗಂಟೆಗಳಲ್ಲಿ ನೀರು ಹೆಚ್ಚುಕಡಿಮೆ ನಿಂತಿರುತ್ತದೆ.

ಇನ್ನು ತಿಂಗಳ ಲೆಕ್ಕ. ಇದಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರೇ ಸಾಕು. ಅಮಾವಾಸ್ಯೆ ಮತ್ತು ಹುಣ್ಣಿಮೆ, ಅವುಗಳ ಮರುದಿನ, ಅದರಾಚೆಯ ದಿನ ಏರಿಳಿತ ದೊಡ್ಡದು, ಎಳೆತವೂ ದೊಡ್ಡದು. ಅಷ್ಟಮಿ, ನವಮಿ, ದಶಮಿಯ ಆಸುಪಾಸಿನಲ್ಲಿ ಎರಡೂ ಚಿಕ್ಕವು. ಮೊದಲ ಕೆಲವು ಸಲ ಹೊಳೆಗಿಳಿಯಲು ಅಷ್ಟಮಿ-ನವಮಿಯ ವಾರಾಂತ್ಯ ಹುಡುಕಿ. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಕಳೆದ ಭಾನುವಾರದ ಅನುಭವ ಈ ಭಾನುವಾರಕ್ಕೆ ನಡೆಯುವುದಿಲ್ಲ. ಅಂದಿನ ಪಟ್ಟಿ ಅಂದೇ ನೋಡಬೇಕು. ಮೊಬೈಲಿನಲ್ಲಿ ಸಿಗುವ ಸಮಯ ಬಂದರಿನದು. ಹೊಳೆಯಲ್ಲಿ ಒಳಕ್ಕೆ ಹೋದಷ್ಟೂ ಭರತ ತಡ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೊಸಬರು ನೀರಲ್ಲಿರಬೇಕಾದ್ದು ಏರಿಕೆಯ ಕೊನೆಯ ಒಂದೂವರೆ ಗಂಟೆ ಮತ್ತು ನೀರು ನಿಂತಿರುವ ಅರ್ಧ ಗಂಟೆ. ಆಗ ಹುಟ್ಟು ಮುರಿದರೂ, ತೋಳು ಸೋತರೂ ಹೊಳೆ ನಿಮ್ಮನ್ನು ಒಳನಾಡಿನ ಕಡೆಗೆ ನೂಕುತ್ತದೆ. ಇಳಿತದಲ್ಲಿ ಇದೇ ಆದರೆ ದಾರಿ ಸೀದಾ ಅಳಿವೆಗೆ. ಇಳಿತ ಶುರುವಾಗುವ ಮೊದಲೇ ದಡ ಸೇರಿರಬೇಕು. ಭರತ ಬೆಳಗ್ಗೆ ಎಂಟು, ಎಂಟೂವರೆಗೆ ಬರುವ ದಿನ ಸಿಕ್ಕರೆ ಬಂಗಾರದಂಥ ದಿನ; ಭರತ, ತಂಪು, ಗಾಳಿಯಿಲ್ಲದ ಹೊತ್ತು ಮೂರೂ ಕೂಡಿಬರುತ್ತವೆ. ಕೂಡಿಬಾರದ ವಾರ ಹೊಳೆಗೆ ಹೋಗದಿದ್ದರೆ ಏನೂ ನಷ್ಟವಿಲ್ಲ.

ಪಟ್ಟಿ ನೋಡಿದ ಮೇಲೂ ಇಳಿಯುವ ಮುನ್ನ ಹತ್ತು ನಿಮಿಷ ದಡದಲ್ಲಿ ನಿಲ್ಲಿ. ಒಂದೇ ಹಗ್ಗದಲ್ಲಿ ಲಂಗರು ಹಾಕಿದ ದೋಣಿಯನ್ನು ನೋಡಿ: ಗಾಳಿಯಿಲ್ಲದ ಬೆಳಗ್ಗೆ ಅದರ ಮೂತಿ ಯಾವ ಕಡೆಗಿದೆಯೋ ನೀರು ಆ ಕಡೆಯಿಂದ ಬರುತ್ತಿದೆ. ಕಡವಿನ ಕಂಬ ನೋಡಿ: ನೀರಿಗಿಂತ ಮೇಲೆ ಒಂದು ಗೇಣು ಕಪ್ಪಗೆ ಒದ್ದೆಯಾಗಿದ್ದರೆ ನೀರು ಇಳಿಯುತ್ತಿದೆ, ಕಂಬ ಒಣಗಿದ್ದು ನೀರಂಚು ಅದನ್ನು ಹೊಸದಾಗಿ ನೆಕ್ಕುತ್ತಿದ್ದರೆ ಏರುತ್ತಿದೆ. ತೆಂಗಿನ ಸಿಪ್ಪೆಯ ತುಂಡೊಂದು ಎಸೆದು, ಅದು ಎತ್ತ, ಎಷ್ಟು ಬೇಗ ಹೋಗುತ್ತದೆ ಗಮನಿಸಿ. ನೀವು ನಡೆಯುವ ವೇಗಕ್ಕೆ ಅದು ಸಾಗಿದರೆ ಅಂದು ಹೊಸಬರು ಇಳಿಯಬಾರದು. ಹೊಸಬರ ಹುಟ್ಟಿನ ವೇಗವೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ಹೊರಟ ಕಡವಿಗೆ ಮರಳಲಾಗದು.

ಎಲ್ಲಿ ಇಳಿಯುವುದು, ಎಲ್ಲಿ ಬೇಡ

ಫಲ್ಗುಣಿ ಕೂಳೂರಿನಿಂದ ಕೆಳಗೆ ಕಡಲಿಗೆ ಸಮಾನಾಂತರವಾಗಿ, ತಣ್ಣೀರುಬಾವಿ-ಬೆಂಗ್ರೆಯ ಮರಳಿನ ಪಟ್ಟಿಯ ಬೆನ್ನಿಗೆ ಹರಿಯುತ್ತದೆ. ಕಡಲ ತೆರೆ ಇಲ್ಲಿಗೆ ಮುಟ್ಟುವುದಿಲ್ಲ. ಕೂಳೂರು-ಬಂಗ್ರಕೂಳೂರಿನ ಆಸುಪಾಸು, ಸಂಕದಿಂದ ದೂರವಿದ್ದು, ದಡದಿಂದ ಮೂವತ್ತು ನಲವತ್ತು ಮೀಟರ್ ಒಳಗೇ ಸುತ್ತಾಡುವುದು ಹೊಸಬರಿಗೆ ತಕ್ಕದ್ದು. ಸುಲ್ತಾನ್ ಬತ್ತೇರಿ ನೋಡಲು ಚಂದ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು ನೀರಿನಿಂದ ನೋಡುವಾಗ ಅದನ್ನು ಅಲ್ಲೇ ಏಕೆ ಕಟ್ಟಿದರೆಂಬುದು ಅರ್ಥವಾಗುತ್ತದೆ. ಆದರೆ ಅಲ್ಲಿ ತಣ್ಣೀರುಬಾವಿಗೆ ಜನ ದಾಟಿಸುವ ದೋಣಿಗಳ ಓಡಾಟವಿದೆ, ಅಲ್ಲಿಂದ ಕೆಳಗೆ ಹಳೆ ಬಂದರಿನ ಧಕ್ಕೆಗೆ ಹೋಗಿಬರುವ ಟ್ರಾಲ್ ಬೋಟುಗಳ ದಾರಿ. ಕೈ ಪಳಗಿದ ಮೇಲೆ, ಬಲ್ಲವರ ಜೊತೆ ಹೋಗುವ ಜಾಗ ಅದು.

ಅಳಿವೆ ಬಾಗಿಲಿನ ಹತ್ತಿರ ಹೋಗಲೇಬೇಡಿ. ಹೊರಹೋಗುವ ಹೊಳೆ ನೀರಿಗೆ ಒಳಬರುವ ಕಡಲ ತೆರೆ ಎದುರಾಗಿ, ಮರಳ ದಿಬ್ಬದ ಮೇಲೆ ನೀರು ಗೋಡೆಯಾಗಿ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಕಡಲು ಕಂಡ ಮೀನುಗಾರರ ದೋಣಿಗಳೇ ಅಲ್ಲಿ ಮಗುಚಿವೆ.

ಕಿಂಡಿ ಅಣೆಕಟ್ಟುಗಳದ್ದು ಇನ್ನೊಂದು ಅಪಾಯ, ಅದರ ಬಗ್ಗೆ ಮಾತಾಡುವವರು ಕಡಿಮೆ. ನೇತ್ರಾವತಿಗೆ ತುಂಬೆಯಲ್ಲಿ, ಹರೇಕಳ-ಅಡ್ಯಾರ್‌ನಲ್ಲಿ, ಫಲ್ಗುಣಿಗೆ ಮರವೂರಿನಲ್ಲಿ ಇವೆ. ಮೇಲಿಂದ ನೋಡಿದರೆ ನೀರು ಮೆತ್ತಗೆ ಇಳಿಯುವಂತೆ ಕಾಣುತ್ತದೆ. ಆದರೆ ಅಡ್ಡಗೋಡೆಯಿಂದ ಬಿದ್ದ ನೀರು ಬುಡದಲ್ಲಿ ಸುರುಳಿ ಸುತ್ತಿ, ಸಿಕ್ಕಿದ್ದನ್ನು ಮತ್ತೆ ಮತ್ತೆ ಗೋಡೆಯತ್ತಲೇ ಎಳೆದು ಮುಳುಗಿಸುತ್ತದೆ. ಲೈಫ್ ಜಾಕೆಟ್ ಹಾಕಿದವರಿಗೂ ಅದರಿಂದ ಬಿಡಿಸಿಕೊಂಡು ಬರುವುದು ಕಷ್ಟ. ಗೇಟು ತೆರೆದಾಗ ಕೆಳಗಿನ ನೀರು ಇದ್ದಕ್ಕಿದ್ದಂತೆ ಏರುತ್ತದೆ. ಅಣೆಕಟ್ಟಿನ ಮೇಲೂ ಕೆಳಗೂ ಸಾಕಷ್ಟು ದೂರ ಬಿಟ್ಟೇ ಇರಿ.

ಸಂಕದ ಕಂಬ, ಕಟ್ಟಿಹಾಕಿದ ಬೋಟು, ದಡಕ್ಕೆ ಬಾಗಿ ನೀರಿಗಿಳಿದ ಕಾಂಡ್ಲಾ ಬೇರು, ಇವುಗಳ ಮೇಲಕ್ಕೆ ನೀರು ನಿಮ್ಮನ್ನು ತಳ್ಳಿಕೊಂಡು ಹೋಗುವಂಥ ಕಡೆ ಸುಳಿಯಬೇಡಿ. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೇ ಆಳು ಮುಳುಗುವಷ್ಟಾಗಬಹುದು. ಆದ್ದರಿಂದ ‘ಇಲ್ಲಿ ಕಾಲು ಸಿಗುತ್ತೆ’ ಎಂಬ ನಂಬಿಕೆಯಲ್ಲಿ ಇಳಿದು ನಡೆಯಬೇಡಿ. ಇಳಿಯುವ ಜಾಗದ ಬಗ್ಗೆ ಕರಾವಳಿ ಕಾವಲು ಪೊಲೀಸರಿಗೆ ಮೊದಲೇ ಹೇಳಿ, ಅನುಮತಿ ಬೇಕೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕಾಲದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಹೊಳೆಯ ತಂಟೆಗೆ ಹೋಗಬೇಡಿ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಏಪ್ರಿಲ್-ಮೇಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಹೆಚ್ಚು. ಗುಡುಗು ಕೇಳಿಸಿತೆಂದರೆ ಸಿಡಿಲು ನಿಮಗೂ ಎಟಕುವಷ್ಟು ಹತ್ತಿರದಲ್ಲಿದೆ ಎಂದೇ ಅರ್ಥ. ಕೂಡಲೇ ದಡಕ್ಕೆ ಬನ್ನಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ.

ಸೆಕೆ

ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ನಮ್ಮ ಗಾಳಿಯಲ್ಲಿ ಆಗಲೇ ನೀರಿನಂಶ ತುಂಬಿರುವುದರಿಂದ ಬೆವರು ಆರದೆ ಸುರಿಯುತ್ತದೆ. ಉಪ್ಪು ಹೋಯಿತು, ನೀರು ಹೋಯಿತು, ತಂಪು ಮಾತ್ರ ಸಿಗಲಿಲ್ಲ. ಬೆಂಗಳೂರಿನಲ್ಲಿ 32 ಡಿಗ್ರಿಗೆ ಸುಸ್ತಾಗದವರು ಇಲ್ಲಿ ಅದೇ 32ಕ್ಕೆ ತಲೆಸುತ್ತಿ ಕೂರುವುದು ಇದಕ್ಕೇ. ಹೊಳೆಯ ಮೇಲೆ ತುಸು ಗಾಳಿ ಬೀಸುವುದರಿಂದ ಮೈ ಕಾದದ್ದು ಗೊತ್ತಾಗುವುದೂ ತಡ. ನೀರಿನಿಂದ ಚಿಮ್ಮುವ ಬಿಸಿಲು ಗಲ್ಲದ ಕೆಳಭಾಗವನ್ನೂ ಸುಡುತ್ತದೆ.

ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗಿನ ಹೊತ್ತನ್ನೇ ಇಟ್ಟುಕೊಳ್ಳಿ. ಆಗ ನೆಲದಿಂದ ಕಡಲಿನ ಕಡೆಗೆ ಮಂದವಾದ ಗಾಳಿ. ಬಿಸಿಲೇರಿದಂತೆ ಅದು ನಿಂತು, ಹತ್ತು ಹನ್ನೊಂದರ ಮೇಲೆ ಕಡಲಿನಿಂದ ಗಾಳಿ ಏಳುತ್ತದೆ, ಮಧ್ಯಾಹ್ನಕ್ಕೆ ಹೊಳೆಯ ಮೈ ಪೂರ್ತಿ ಸುಕ್ಕುಗಟ್ಟುತ್ತದೆ. ಬೋರ್ಡ್ ಮೇಲೆ ನಿಂತವರಿಗೆ ಅಲ್ಲಿಂದ ಮುಂದೆ ಬರೀ ಹೋರಾಟ.

ಹಿಂದಿನ ರಾತ್ರಿಯಿಂದಲೇ ಚೆನ್ನಾಗಿ ನೀರು ಕುಡಿಯಿರಿ. ಹೊರಡುವ ಮುನ್ನ ಉಪ್ಪು ಹಾಕಿದ ಗಂಜಿ ತಿಳಿ ಅಥವಾ ಮಜ್ಜಿಗೆ ಒಂದು ಲೋಟ. ಬೋರ್ಡ್ ಮೇಲೆ ತಲಾ ಒಂದು ಲೀಟರ್ ನೀರು ಇರಲೇಬೇಕು. ಒಂದು ಓಆರ್‌ಎಸ್ ಪೊಟ್ಟಣ ಪೂರ್ತಿ ಒಂದು ಲೀಟರಿಗೆ ಕರಗಿಸಿಕೊಂಡರೆ ಇನ್ನೂ ಒಳ್ಳೆಯದು. ಬೊಂಡ ಕುಡಿದರೆ ಸಾಕೆಂದುಕೊಳ್ಳಬೇಡಿ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಕಾಲು ಗಂಟೆಗೊಮ್ಮೆ ಎರಡು ಗುಟುಕು, ಬಾಯಾರಿದರೂ ಬಾಯಾರದಿದ್ದರೂ. ತಲೆನೋವು, ವಾಕರಿಕೆ, ಮೀನಖಂಡ ಹಿಡಿಯುವುದು, ಮಾತು ತಡವರಿಸುವುದು, ಇವುಗಳಲ್ಲಿ ಒಂದು ಕಂಡರೂ ಅಂದಿನ ಆಟ ಮುಗಿಯಿತು. ನೆರಳಿಗೆ ಬಂದು ಜಾಕೆಟ್ ಬಿಚ್ಚಿ, ತಲೆಗೂ ಕತ್ತಿಗೂ ನೀರು ಸುರಿದುಕೊಳ್ಳಿ. ಮಾತಿನಲ್ಲಿ ಗೊಂದಲ ಕಂಡರೆ ಆಸ್ಪತ್ರೆಗೆ ತಡಮಾಡಬೇಡಿ.

ಮೈಮೇಲೆ, ಕೈಯಲ್ಲಿ

ಜೀನ್ಸ್, ದಪ್ಪ ಹತ್ತಿಬಟ್ಟೆ ಬೇಡ. ಒದ್ದೆಯಾದರೆ ಭಾರ, ಸೆಕೆಗೆ ತೊಡೆಸಂದಿ ಉಜ್ಜಿ ಗಾಯ. ತೆಳುವಾದ, ಬೇಗ ಒಣಗುವ ತುಂಬುತೋಳಿನ ಅಂಗಿ, ಗಲ್ಲಕ್ಕೆ ದಾರವಿರುವ ಟೋಪಿ, ಹಿಂಬದಿ ಪಟ್ಟಿಯಿರುವ ಚಪ್ಪಲಿ. ಬರಿಗಾಲು ಬೇಡವೇ ಬೇಡ. ದಡದ ಕಲ್ಲಿಗೆ ಅಂಟಿದ ಚಿಪ್ಪುಗಳು ಬ್ಲೇಡಿನ ಅಲಗಿನಷ್ಟೇ ಹರಿತ, ಕೆಸರಿನಲ್ಲಿ ಒಡೆದ ಬಾಟಲಿಯೂ ಇರುತ್ತದೆ. ಫೋನು ನೀರುನಿರೋಧಕ ಚೀಲದಲ್ಲಿ ಕೊರಳಿಗಿರಲಿ. ಜಾಕೆಟ್ಟಿಗೆ ಒಂದು ಸೀಟಿ.

ಲೈಫ್ ಜಾಕೆಟ್ ಸರಿಯಾಗಿದೆಯೇ ನೋಡಲು, ಎಲ್ಲ ಪಟ್ಟಿ ಬಿಗಿದು ಜೊತೆಗಾರರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಲು ಹೇಳಿ. ಅದು ಕಿವಿಯವರೆಗೆ ಜಾರಿ ಬಂದರೆ ನೀರಿನಲ್ಲೂ ಹಾಗೇ ಬರುತ್ತದೆ. ಬಿಗಿ ಮಾಡಿ, ಇಲ್ಲವೇ ಬೇರೆ ಅಳತೆಯದು ಕೇಳಿ. ಬಾಡಿಗೆಗೆ ಕೊಡುವವರು ‘ನಡೀತದೆ’ ಅಂದರೂ ಒಪ್ಪಬೇಡಿ.

ಬೋರ್ಡ್ ಹಗ್ಗದ ವಿಷಯದಲ್ಲಿ, ಅಂದರೆ ಲೀಷ್ ವಿಷಯದಲ್ಲಿ, ಎಚ್ಚರ ಬೇಕು. ಕಡಲಿನಲ್ಲಿ, ಕೆರೆಯಲ್ಲಿ ಅದನ್ನು ಕಾಲಿನ ಹರಡಿಗೆ ಕಟ್ಟುತ್ತಾರೆ, ಸರಿ. ಎಳೆತವಿರುವ ಹೊಳೆಯಲ್ಲಿ ಕಾಲಿಗೆ ಕಟ್ಟಿದ ಹಗ್ಗ ಕಂಬಕ್ಕೋ ಬೇರಿಗೋ ಬಲೆಗೋ ಸಿಕ್ಕಿದರೆ, ನೀರು ಬೋರ್ಡನ್ನು ಒಂದು ಕಡೆಗೆ, ನಿಮ್ಮನ್ನು ಇನ್ನೊಂದು ಕಡೆಗೆ ಎಳೆದು ತಲೆ ನೀರಿನಡಿ ಹೋಗುತ್ತದೆ. ಬಗ್ಗಿ ಪಾದ ಮುಟ್ಟಲು ಎಳೆತ ಬಿಡುವುದಿಲ್ಲ. ಹೊಳೆಗೆ ಬೇಕಾದ್ದು ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬೆಲ್ಟ್. ಕಣ್ಣು ಮುಚ್ಚಿಕೊಂಡು ಎರಡೂ ಕೈಯಿಂದ ಬಿಚ್ಚುವುದನ್ನು ದಡದಲ್ಲೇ ರೂಢಿಸಿಕೊಳ್ಳಿ.

ಮೊದಲ ಪಾಠ: ಬೀಳುವುದು, ಹತ್ತುವುದು

ಮುಂದಕ್ಕೆ ಹೋಗುವುದನ್ನು ಕಲಿಯುವ ಮೊದಲು ಬಿದ್ದು ಮತ್ತೆ ಹತ್ತುವುದನ್ನು ಕಲಿಯಬೇಕು. ಎದೆಮಟ್ಟದ ನೀರಿನಲ್ಲಿ, ದಡದ ಪಕ್ಕದಲ್ಲಿ, ಬೇಕೆಂದೇ ಬೀಳಿ.

ಬೋರ್ಡ್‌ನಿಂದ ಬೀಳುವಾಗ ತಲೆ ಮುಂದು ಮಾಡಿ ಧುಮುಕಬೇಡಿ. ನಮ್ಮ ಹೊಳೆಯ ತಳ ಕಾಣಿಸುವುದಿಲ್ಲ. ಬೋರ್ಡ್‌ನಿಂದ ಆಚೆಗೆ, ಮೈ ಚಾಚಿ, ಚಪ್ಪಟೆಯಾಗಿ ಬೀಳಿ, ಬಾಯಿ ಮುಚ್ಚಿರಲಿ. ಹತ್ತುವಾಗ ಬೋರ್ಡಿನ ನಡುವೆ ಇರುವ ಹಿಡಿಕೆಗೆ ಕೈ ಹಾಕಿ, ಕಾಲು ಹಿಂದಕ್ಕೆ ಚಾಚಿ, ಮೈ ನೀರಿನ ಮೇಲೆ ಮಲಗುವವರೆಗೆ ಕಾಲು ಬಡಿಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಕಾಲು ಬೋರ್ಡಿನ ಅಡಿಗೆ ಜೋತಾಡುತ್ತಿರುವಾಗಲೇ ಬರೀ ತೋಳಿನ ಬಲದಿಂದ ಏರಲು ನೋಡುತ್ತಾರೆ, ಬೋರ್ಡ್ ಮಗುಚುತ್ತದೆ. ಮೈ ಮಲಗಿದ ಮೇಲೆ ಹಿಡಿಕೆಯನ್ನು ಎದೆಯಡಿಗೆ ಎಳೆದುಕೊಂಡರೆ ಸಾಕು, ಮೇಲೆ ಬಂದಿರುತ್ತೀರಿ.

ಕಯಾಕ್ ಬೋರಲಾದರೆ ಬದಿಯಿಂದ ಕೈ ಚಾಚಿ ಆಚೆ ಅಂಚು ಹಿಡಿದು, ನಿಮ್ಮ ಭಾರದಿಂದಲೇ ಅದನ್ನು ಮಗುಚಿ ನೆಟ್ಟಗೆ ಮಾಡಿ. ಆಮೇಲೆ ಕ್ರಮ ಇದು: ಹೊಟ್ಟೆ, ಕುಂಡೆ, ಕಾಲು. ಕಾಲು ಬಡಿದು ಹೊಟ್ಟೆಯನ್ನು ಸೀಟಿನ ಮೇಲೆ ಅಡ್ಡಲಾಗಿ ತನ್ನಿ. ತುಸು ಉಸಿರಾಡಿಕೊಂಡು ಹೊರಳಿ ಕುಂಡೆಯನ್ನು ಸೀಟಿಗೆ ಇಳಿಸಿ. ಕೊನೆಗೆ ಕಾಲುಗಳನ್ನು ಒಳಗೆಳೆದುಕೊಳ್ಳಿ. ಅವಸರ ಮಾಡಿದರೆ ಮತ್ತೆ ನೀರಿಗೆ. ಇದು ಯಾರ ಸಹಾಯವೂ ಇಲ್ಲದೆ, ದಣಿದ ಮೇಲೂ ಬರುವಂತಾದರೆ ಮಾತ್ರ ಕಾಲು ಮುಟ್ಟದ ನೀರಿಗೆ ಹೋಗಿ.

ಹುಟ್ಟು ಹಾಕುವ ಕ್ರಮ

ಕಯಾಕ್‌ನಲ್ಲಿ ಬೆನ್ನು ನೆಟ್ಟಗೆ, ಮೊಣಕಾಲು ತುಸು ಮಡಚಿ, ಪಾದಗಳಿಗೆ ಒರಗುವ ಆಸರೆ ಇರಬೇಕು. ಹುಟ್ಟನ್ನು ಅಡ್ಡಲಾಗಿ ತಲೆಯ ಮೇಲಿಟ್ಟು ಹಿಡಿದಾಗ ಮೊಣಕೈ ಲಂಬಕೋನದಲ್ಲಿ ಮಡಚಿದರೆ ಹಿಡಿತದ ಅಗಲ ಸರಿ. ಅಲಗಿನ ಒಳಬಾಗಿದ ಮುಖ ನಿಮ್ಮ ಕಡೆಗಿರಲಿ. ಪಾದದ ಬಳಿ ಅಲಗು ಪೂರ್ತಿ ಮುಳುಗಿಸಿ, ಸೊಂಟದ ಬಳಿ ಎತ್ತಿ. ಶಕ್ತಿ ಬರಬೇಕಾದ್ದು ತೋಳಿನಿಂದಲ್ಲ, ಹೊಟ್ಟೆ-ಬೆನ್ನು ತಿರುಗುವುದರಿಂದ. ಬಲಕ್ಕೆ ಹಾಕುವಾಗ ಬಲಭುಜ ಮುಂದೆ ಹೋಗಿ, ಎಳೆಯುವಾಗ ಹಿಂದೆ ಬರಬೇಕು. ಹತ್ತು ನಿಮಿಷಕ್ಕೇ ಮುಂಗೈ ನೋಯುತ್ತಿದ್ದರೆ ತೋಳಿನಿಂದ ಎಳೆಯುತ್ತಿದ್ದೀರಿ, ಹಿಡಿತವೂ ಬಿಗಿಯಾಗಿದೆ. ತಿರುಗಬೇಕಾದರೆ ಒಂದು ಬದಿಯಲ್ಲಿ ಮೂತಿಯಿಂದ ಬಾಲದವರೆಗೆ ಅಗಲವಾದ ಅರ್ಧವೃತ್ತ ಎಳೆಯಿರಿ. ನಿಲ್ಲಿಸಲು ಎಡಬಲ ಎರಡು ಸಲ ಹಿಮ್ಮುಖ ಹುಟ್ಟು.

ಬೋರ್ಡ್ ಮೇಲೆ ಮೊದಲ ದಿನ ಪೂರ್ತಿ ಮೊಣಕಾಲೂರಿಯೇ ಇರಿ. ನಿಲ್ಲುವಾಗ ಹಿಡಿಕೆಯ ಎರಡು ಬದಿಗೆ ಒಂದೊಂದು ಪಾದ, ಸೊಂಟದಷ್ಟು ಅಂತರ, ಬೆರಳುಗಳು ಮುಂದಕ್ಕೆ, ಮೊಣಕಾಲು ಸಡಿಲ. ಕಣ್ಣು ಪಾದದ ಮೇಲಿದ್ದರೆ ಬಿದ್ದಂತೆಯೇ. ದೂರದ ದಡ ನೋಡಿ. ಹುಟ್ಟು ನಿಮ್ಮ ತಲೆಗಿಂತ ಒಂದು ಗೇಣು ಉದ್ದವಿರಲಿ, ಅದರ ಅಲಗಿನ ಬಾಗು ಮುಂದಕ್ಕಿರಲಿ. ನೀರನ್ನು ತೋಡುವಂತೆ ಹಿಂದಕ್ಕೆ ಬಾಗಿಸಿ ಹಿಡಿಯುವುದು ಎಲ್ಲರಿಗೂ ಸಹಜವೆನಿಸುತ್ತದೆ, ಅದು ತಪ್ಪು. ಗಾಳಿ ಎದ್ದರೆ, ಬೋಟು ಹತ್ತಿರ ಬಂದರೆ ಮೊಣಕಾಲಿಗೆ ಇಳಿಯಿರಿ. ಬೋಟಿನ ಅಲೆ ಬದಿಗೆ ಬಡಿಯಲು ಬಿಡದೆ ಮೂತಿಯನ್ನು ಅಲೆಗೆ ಎದುರು ಮಾಡಿ, ಹುಟ್ಟು ನಿಲ್ಲಿಸದೆ ಹಾಕುತ್ತಿರಿ.

ಒಬ್ಬರೇ ಹೋಗಬೇಡಿ. ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಮೇಲೆ ಬರುತ್ತೀರಿ ಎಂದು ದಡದಲ್ಲಿ ಒಬ್ಬರಿಗೆ ತಿಳಿಸಿ. ಅಪಾಯಕ್ಕೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554. ಏನೇ ಆದರೂ ಬೋರ್ಡ್ ಬಿಟ್ಟು ದಡಕ್ಕೆ ಈಜಲು ಹೋಗಬೇಡಿ. ದೂರದಿಂದ ಬೋರ್ಡ್ ಕಾಣುತ್ತದೆ, ನೀರಿನಲ್ಲಿರುವ ತಲೆ ಕಾಣುವುದಿಲ್ಲ. ಇದಕ್ಕೆ ಒಂದೇ ಅಪವಾದ, ಹಗ್ಗ ಎಲ್ಲಾದರೂ ಸಿಕ್ಕಿ ನೀರು ನಿಮ್ಮನ್ನು ಅಡಿಗೆ ಒತ್ತುತ್ತಿದ್ದರೆ. ಆಗ ಬೆಲ್ಟ್ ಎಳೆದು ಬಿಡಿಸಿಕೊಳ್ಳಿ.

ಹೊಳೆ ಯಾರದ್ದು

ನಮಗೆ ಇದು ಬೆಳಗಿನ ಖುಷಿ, ಹೊಳೆಯಲ್ಲಿ ನಮಗಿಂತ ಮೊದಲೇ ಇಳಿದವರಿಗೆ ಹೊಟ್ಟೆಪಾಡು. ಎದೆಮಟ್ಟದ ನೀರಿನಲ್ಲಿ ನಿಂತು ಮರುವಾಯಿ ತೆಗೆಯುವವರು ಮುಳುಗಿ ಏಳುತ್ತಿರುತ್ತಾರೆ. ಒಂದು ಕ್ಷಣ ಬರೀ ನೀರು, ಮರುಕ್ಷಣ ಒಂದು ತಲೆ. ಅವರ ಬುಟ್ಟಿಯೋ ದೋಣಿಯೋ ಕಂಡಲ್ಲಿ ದೂರ ಸರಿಯಿರಿ. ಸಾಲಾಗಿ ತೇಲುವ ಪ್ಲಾಸ್ಟಿಕ್ ಬಾಟಲಿಗಳು ಕಸವೆಂದು ತಿಳಿಯಬೇಡಿ, ಅವು ಬಲೆಯ ಗುರುತು. ಅನುಮಾನವಿದ್ದರೆ ಕೂಗಿ ಕೇಳಿ, “ಅಣ್ಣಾ, ಬಲೆ ಎಲ್ಲಿವರೆಗೆ ಉಂಟು?” “ಆ ಕೆಂಪು ಬಾಟ್ಲಿಯಿಂದ ಈಚೆ ಬರ್ಬೇಡಿ, ಆಯ್ತಾ” ಎಂದು ಉತ್ತರ ಬರುತ್ತದೆ. ಜೊತೆಗೆ, ಮುಂದೆ ನೀರಿನಡಿ ಹಳೆ ಕಂಬ ಇದೆಯೆಂದೋ, ಇವತ್ತು ಇಳಿತ ಬೇಗ ಎಂದೋ ಒಂದು ಮಾತು ಸಿಕ್ಕರೂ ಸಿಕ್ಕೀತು. ಯಾವ ಆ್ಯಪ್‌ನಲ್ಲೂ ಅದು ಸಿಗುವುದಿಲ್ಲ. ಅವರು ದೋಣಿ ಕಟ್ಟುವ ಕಡವಿನಲ್ಲಿ ನಿಮ್ಮ ಬೋರ್ಡ್ ಹರಡಿ ಫೋಟೊ ತೆಗೆಯುತ್ತ ದಾರಿ ಕಟ್ಟಬೇಡಿ.

ಮೇಲೆ ಬಂದ ನಂತರ

ಗಾಳಿ ತುಂಬಿದ ಬೋರ್ಡನ್ನು ಬಿಸಿಲಿನಲ್ಲಿ, ಕಾದ ಮರಳಿನ ಮೇಲೆ ಬಿಡಬೇಡಿ. ಒಳಗಿನ ಗಾಳಿ ಹಿಗ್ಗಿ ಹೊಲಿಗೆ-ಅಂಟು ಬಿಡುತ್ತದೆ. ನೆರಳಿಗೆಳೆದು ಸ್ವಲ್ಪ ಗಾಳಿ ಬಿಟ್ಟುಬಿಡಿ. ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಸುತ್ತಬೇಕು. ನಮ್ಮ ಹವೆಗೆ ಒದ್ದೆ ಬೋರ್ಡ್, ಒದ್ದೆ ಜಾಕೆಟ್ ಒಂದೇ ವಾರದಲ್ಲಿ ಬೂಸ್ಟು ಹಿಡಿಯುತ್ತವೆ.

ಮೈಯ ಕಾಳಜಿ ಇನ್ನೂ ಮುಖ್ಯ. ನಗರದ ರಾಜಕಾಲುವೆಗಳು ಸೇರುವ ಬಾಯಿಗಳಲ್ಲಿ ಹೊಳೆಯ ನೀರು ಶುದ್ಧವಲ್ಲ. ಅಲ್ಲಿಂದ ದೂರವಿರಿ, ಜೋರು ಮಳೆ ಬಂದರೆ ಮೂರು ದಿನ ಹೊಳೆಗಿಳಿಯಬೇಡಿ. ಕೈಕಾಲಿನಲ್ಲಿ ಹಸಿ ಗಾಯವಿದ್ದರೆ ಅಂದು ರಜೆ. ನೀರಿನಿಂದ ಬಂದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ, ಚಿಪ್ಪು ತಾಗಿದ ಗೀರು ಎಷ್ಟೇ ಸಣ್ಣದಿರಲಿ ತೊಳೆದು ಔಷಧ ಹಚ್ಚಿ. ಇಲಿ ಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ. ಇಲಿ ಮತ್ತು ಪ್ರಾಣಿಗಳ ಮೂತ್ರ ಸೇರಿದ ನೀರಿನಿಂದ ಗಾಯದ ಮೂಲಕ, ಕಣ್ಣು-ಮೂಗಿನ ಮೂಲಕ ಅದು ಬರುತ್ತದೆ, ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದೊಳಗೆ ತಲೆದೋರುತ್ತದೆ. ಅಷ್ಟರಲ್ಲಿ ಹೊಳೆಯ ನೆನಪೇ ಇರುವುದಿಲ್ಲ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದಿಗೆ ಕಾಯದೆ ವೈದ್ಯರ ಬಳಿ ಹೋಗಿ, ಅವರು ಕೇಳದಿದ್ದರೂ ಹೊಳೆಗಿಳಿದಿದ್ದೆ ಎಂದು ತಾರೀಕಿನ ಸಮೇತ ಹೇಳಿ. ಬೇಗ ಗೊತ್ತಾದರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.